ಆಟದೊಳಗಿನ ಬಿಲ್ಲುಗಾರ ಕಲಿಸುವ ಚರಿತ್ರೆ

ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಸಿಗುವ ಅರಂತೋಡಿನಂಥ ಊರಿಗೂ ಇಂಟರ್‌ನೆಟ್ ಬಂದಿದೆ, ಅದರ ಜೊತೆಗೆ ಕಂಪ್ಯೂಟರ್ ಆಟಗಳೂ ಬಂದಿವೆ. ಇವುಗಳಲ್ಲಿ ಹಳೆಯ ಕಾಲದ ರಾಜ್ಯಗಳನ್ನು ಕಟ್ಟಿ, ಸೈನ್ಯ ಕೂಡಿಸಿ, ಯುದ್ಧ ನಡೆಸುವ ಆಟಗಳದ್ದೇ ಒಂದು ಬಗೆ. ಹಿರಿಯರ ಕಣ್ಣಿಗೆ ಇವು ಬರೀ ಹೊಡೆದಾಟ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕಾದರೆ ಒಬ್ಬ ಸೈನಿಕನನ್ನು ಸರಿಯಾಗಿ ಗಮನಿಸಿದರೆ ಸಾಕು. ಜಪಾನಿನ ಬಿಲ್ಲುಗಾರ ಅದಕ್ಕೆ ತಕ್ಕವನು.

2007ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 3: ದಿ ಏಷ್ಯನ್ ಡೈನಾಸ್ಟೀಸ್’ ಆಟದಲ್ಲಿ ಇವನು ಯೂಮಿ ಬಿಲ್ಲುಗಾರ. 2011ರ ‘ಟೋಟಲ್ ವಾರ್: ಶೋಗನ್ 2’ರಲ್ಲಿ ಸಾಮಾನ್ಯ ಕಾಲಾಳು, ಸಾಮುರಾಯ್, ಸನ್ಯಾಸಿ ಯೋಧ ಎಲ್ಲರ ಕೈಯಲ್ಲೂ ಬಿಲ್ಲು ಇದೆ. ಎರಡು ಆಟಗಳಲ್ಲೂ ಅವನ ಗುಣ ಒಂದೇ. ದೂರದಿಂದ ಹೊಡೆಯಬಲ್ಲ, ಕೈಗೆ ಕೈ ಸೇರಿದರೆ ಸೋಲುತ್ತಾನೆ. ಕುದುರೆ ಸವಾರರು ಪಕ್ಕದಿಂದ ನುಗ್ಗಿದರೆ ಅವನ ಕಥೆ ಮುಗಿಯಿತು. ಹಾಗಾಗಿ ಬಲ್ಲ ಆಟಗಾರ ಈಟಿಯವರನ್ನು ಮುಂದೆ ನಿಲ್ಲಿಸಿ, ಬಿಲ್ಲುಗಾರರನ್ನು ಅವರ ಬೆನ್ನಿಗೆ ಇಡುತ್ತಾನೆ. ಶೋಗನ್ 2ರಲ್ಲಿ ಬಾಣ ತನ್ನವರ ತಲೆಯ ಮೇಲಿನಿಂದ ಹಾರಿ ಹೋಗುತ್ತದೆ. ಕೋವಿಯವನಿಗೆ ಎದುರು ಯಾರೂ ಅಡ್ಡ ಇರಬಾರದು. ಒಂದೇ ಒಂದು ನಿಯಮ, ಅದರ ಹಿಂದೆ ಒಂದು ಶತಮಾನದ ಚರಿತ್ರೆಯಿದೆ.

ಆ ಚರಿತ್ರೆ ಹೀಗಿದೆ. ಯೂಮಿ ಎಂಬ ಜಪಾನಿನ ಬಿಲ್ಲು ಆಳಿಗಿಂತ ಎತ್ತರ, ಎರಡು ಮೀಟರಿಗೂ ಹೆಚ್ಚು. ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಹಿಡಿಯುವ ಜಾಗ ನಡುವಿನಲ್ಲಿಲ್ಲ, ಕೆಳಗಿನಿಂದ ಸುಮಾರು ಮೂರನೇ ಒಂದು ಭಾಗದಲ್ಲಿದೆ. ಕೆಳತುದಿ ಗಿಡ್ಡವಾದ ಕಾರಣ ಇಷ್ಟು ಉದ್ದದ ಬಿಲ್ಲನ್ನೂ ಕುದುರೆಯ ಮೇಲೆ ಕುಳಿತು ಬಳಸಬಹುದು. ಆದರೆ ಅದು ಕೈಗೆ ಒಗ್ಗಲು ವರ್ಷಗಳ ಅಭ್ಯಾಸ ಬೇಕು. 1543ರಲ್ಲಿ ಪೋರ್ಚುಗೀಸರ ಮೂಲಕ ತಾನೆಗಶಿಮಾ ದ್ವೀಪಕ್ಕೆ ಬತ್ತಿಕೋವಿ ಬಂತು. ಅದನ್ನು ರೈತನ ಮಗನಿಗೂ ಬೇಗ ಕಲಿಸಬಹುದಿತ್ತು. 1575ರ ನಾಗಶಿನೊ ಕಾಳಗದಲ್ಲಿ ಸೇನಾನಾಯಕ ಒಡಾ ನೊಬುನಾಗನ ಕೋವಿಪಡೆ ಹೆಸರು ಮಾಡಿತು. ಅಷ್ಟಾದರೂ ಬಿಲ್ಲು ಒಮ್ಮೆಲೇ ಮೂಲೆ ಸೇರಲಿಲ್ಲ. ಕೋವಿಗೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುತ್ತಿತ್ತು, ಮಳೆಗೆ ಬತ್ತಿ ನಂದುತ್ತಿತ್ತು. ಆ ಹೊತ್ತಿನಲ್ಲಿ ಬಿಲ್ಲುಗಾರನೇ ಕಾವಲು.

ಇದರಲ್ಲಿ ಎಷ್ಟನ್ನು ಆಟ ಉಳಿಸಿಕೊಳ್ಳುತ್ತದೆ, ಎಷ್ಟನ್ನು ಬಿಡುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ನಮ್ಮ ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಎರಡು ಸುತ್ತು ಬಂದರೆ ಕಾಡು ದಾಟಿದಂತೆ. ನೋಡುವವರು ಆ ಒಪ್ಪಂದ ತಿಳಿದೇ ಕುಳಿತಿರುತ್ತಾರೆ. ಆಟಕ್ಕೂ ಅಂಥ ಒಪ್ಪಂದಗಳಿವೆ. ಏಜ್ ಆಫ್ ಎಂಪೈರ್ಸ್‌ನಲ್ಲಿ ಬಿಲ್ಲುಗಾರ ಕೆಲವೇ ಸೆಕೆಂಡುಗಳಲ್ಲಿ ತಯಾರಾಗುತ್ತಾನೆ, ಅವನ ಬಾಣ ಮುಗಿಯುವುದಿಲ್ಲ. ಶೋಗನ್ 2ರಲ್ಲಿ ಬಾಣಗಳಿಗೆ ಲೆಕ್ಕವಿದೆ. ಮುಗಿದರೆ ಮುಗಿಯಿತು. ಆಟಗಾರನಿಗೆ ಈ ಒಪ್ಪಂದ ತಿಳಿದಿದ್ದರೆ ಆಟ ಪಾಠವಾಗುತ್ತದೆ, ತಿಳಿಯದಿದ್ದರೆ ಅದನ್ನೇ ಚರಿತ್ರೆ ಎಂದು ನಂಬುವ ಅಪಾಯವಿದೆ.

ಬಿಲ್ಲುಗಾರರ ಈ ಲೆಕ್ಕಾಚಾರ ಕನ್ನಡ ನಾಡಿಗೆ ಹೊಸದಲ್ಲ. ವಿಜಯನಗರದ ಇಮ್ಮಡಿ ದೇವರಾಯ ಇದನ್ನು ನಿಜವಾಗಿ ಎದುರಿಸಿದವನು. ಬಹಮನಿಗಳ ಎದುರು ನಾವು ಪದೇ ಪದೇ ಏಕೆ ಸೋಲುತ್ತೇವೆ ಎಂದು ಅವನು ತನ್ನವರನ್ನು ಕೇಳಿದ ಸಂಗತಿಯನ್ನು ಚರಿತ್ರಕಾರ ಫೆರಿಶ್ತಾ ಬರೆದಿದ್ದಾನೆ. ಸಿಕ್ಕ ಉತ್ತರ ಎರಡು: ಅವರ ಕುದುರೆಗಳು ಬಲಿಷ್ಠ, ಅವರಲ್ಲಿ ಪಳಗಿದ ಬಿಲ್ಲುಗಾರರು ಹೆಚ್ಚು. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡ, ಅವರಿಗೆ ಜಹಗೀರು ಕೊಟ್ಟ, ತನ್ನ ಸೈನಿಕರಿಗೆ ಬಿಲ್ವಿದ್ಯೆ ಕಲಿಸಲು ಅವರನ್ನೇ ನೇಮಿಸಿದ. ಅವರು ಸಂಕೋಚವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನ್ ಇರಿಸಿದ. ಎರಡು ಸಾವಿರ ಮುಸ್ಲಿಮರು, ಅರವತ್ತು ಸಾವಿರ ಹಿಂದೂಗಳು ಬಿಲ್ಲಿನಲ್ಲಿ ನುರಿತರು ಎಂಬುದು ಫೆರಿಶ್ತಾ ಕೊಡುವ ಸಂಖ್ಯೆ. ಅವನು ಬರೆದದ್ದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಹಾಗಾಗಿ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಮುಸ್ಲಿಂ ಅಧಿಕಾರಿಗಳು ದೇವರಾಯನ ಸೇವೆಯಲ್ಲಿದ್ದದ್ದಕ್ಕೆ ಹಂಪಿಯಲ್ಲೇ ಸಾಕ್ಷಿಯಿದೆ. ಅವರಲ್ಲೊಬ್ಬನಾದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ.

ಇಷ್ಟೆಲ್ಲ ಮಾಡಿದ ಮೇಲೆ ಬಹಮನಿಗಳ ವಿರುದ್ಧದ 1443ರ ಯುದ್ಧದಲ್ಲಿ ದೇವರಾಯ ಗೆದ್ದನೇ? ಫೆರಿಶ್ತಾನ ಪ್ರಕಾರ ಎರಡು ತಿಂಗಳಲ್ಲಿ ಮೂರು ಕಾಳಗ ನಡೆದವು. ಒಮ್ಮೆ ವಿಜಯನಗರದ ಕೈ ಮೇಲಾಯಿತು, ಒಮ್ಮೆ ಬಹಮನಿಗಳದ್ದು, ಕೊನೆಗೆ ಒಪ್ಪಂದವಾಗಿ ದೇವರಾಯ ಕಪ್ಪ ಕೊಡಲು ಒಪ್ಪಿದ. ಬಿಲ್ಲುಗಾರರನ್ನು ಕೂಡಿಸಿದ ಮಾತ್ರಕ್ಕೆ ರಾಜ್ಯದ ಹಣೆಬರಹ ಬದಲಾಗಲಿಲ್ಲ. ಆಟದಲ್ಲಿ ಸೈನಿಕರ ಬಗೆ ಬದಲಿಸಿ ಗೆಲ್ಲುವ ಅಭ್ಯಾಸವಾದವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

2022ರಲ್ಲಿ ‘ಏಜ್ ಆಫ್ ಎಂಪೈರ್ಸ್ 2’ಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಭಾಗ ಸೇರಿತು. ದಕ್ಷಿಣ ಭಾರತಕ್ಕೆ ಅಲ್ಲಿ ದ್ರಾವಿಡರು ಎಂಬ ಒಂದೇ ಗುಂಪು. ಅವರ ಆನೆ ಮೇಲಿನ ಬಿಲ್ಲುಗಾರರು ಇತರರಿಗಿಂತ ಬೇಗ ಬೇಗ ಬಾಣ ಬಿಡುತ್ತಾರೆ, ಕುದುರೆಪಡೆ ಮಾತ್ರ ದುರ್ಬಲ. ಈ ದೌರ್ಬಲ್ಯ ಕಾರಣವಿಲ್ಲದೆ ಬಂದದ್ದಲ್ಲ. ಒಳ್ಳೆಯ ಯುದ್ಧದ ಕುದುರೆಗೆ ವಿಜಯನಗರ ಕಡಲಾಚೆಯ ವ್ಯಾಪಾರವನ್ನು ನೆಚ್ಚಿತ್ತು. ಅರೇಬಿಯಾ, ಹೊರ್ಮುಜ್ ಕಡೆಯ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ಆದರೆ ಚಾಲುಕ್ಯ, ಹೊಯ್ಸಳ, ಚೋಳ, ವಿಜಯನಗರ ಎಲ್ಲವನ್ನೂ ಒಂದೇ ಹೆಸರಿನಡಿ ಕೂಡಿಹಾಕಿದರೆ ಒಂದೊಂದರ ಮುಖವೂ ಮಸುಕಾಗುತ್ತದೆ. ಜಪಾನಿನ ಒಂದೊಂದು ಮನೆತನಕ್ಕೂ ಬೇರೆ ಗುಣ ಕೊಟ್ಟು, ಚೊಸೊಕಾಬೆಯವರನ್ನು ಬಿಲ್ಲಿನಲ್ಲಿ ಮೇಲು ಎಂದು ತೋರಿಸುವಷ್ಟು ಶ್ರದ್ಧೆ ಶೋಗನ್ 2ರಲ್ಲಿದೆ. ನಮ್ಮ ಚರಿತ್ರೆಗೂ ಅದು ಸಲ್ಲಬೇಕು.

ಅಂಥ ಆಟವನ್ನು ನಾವೇ ಕಟ್ಟುವುದಾದರೆ ವಸ್ತು ಈ ನೆಲದಲ್ಲೇ ಇದೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು ಅಮರ ಸುಳ್ಯದ ಸೀಮೆಯನ್ನು ಕೆನರಾಕ್ಕೆ ಸೇರಿಸಿತು. ಧಾನ್ಯದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರಂಥವರ ನಾಯಕತ್ವದಲ್ಲಿ ರೈತರು ಎದ್ದು, ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್‌ನಲ್ಲಿ ಮಂಗಳೂರು ತಲುಪಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದರು. ಇದನ್ನು ಆಟವಾಗಿಸುವವರು ಆಯುಧಗಳನ್ನಷ್ಟೇ ಎಣಿಸಿದರೆ ದಂಗೆಯ ಕಾರಣವೇ ಕೈಬಿಟ್ಟುಹೋಗುತ್ತದೆ. ಕಂದಾಯದ ಹೊರೆ, ಕಾಡುಗುಡ್ಡದ ದಾರಿ, ಕಣ್ಣೂರಿನಿಂದ ಬರುವ ಕಂಪನಿ ಪಡೆ, ಇವೆಲ್ಲ ನಿಯಮಗಳಾಗಿ ಒಳಗೆ ಬರಬೇಕು. ಮರಗಳ ಮರೆಯಿರುವ ಈ ಕಣಿವೆಗಳಲ್ಲಿ ದೂರ ಹೊಡೆಯುವ ಆಯುಧದ ಬೆಲೆ ಬಯಲಿನಷ್ಟು ಇರುವುದಿಲ್ಲ ಎಂಬುದನ್ನು ಇಲ್ಲಿನ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಹೆತ್ತವರಲ್ಲಿ, ಅಧ್ಯಾಪಕರಲ್ಲಿ ಒಂದು ವಿನಂತಿ. ಎಷ್ಟು ಹೊತ್ತು ಆಡಬೇಕೆಂಬ ಮಿತಿಯನ್ನು ನೀವೇ ಹಾಕಿ, ಅದು ಬೇಕು. ಅದರ ಜೊತೆಗೆ ಮಕ್ಕಳ ಪಕ್ಕ ಕುಳಿತು ಕೇಳಿ: ಈ ಬಿಲ್ಲುಗಾರ ಪಳಗಲು ನಿಜದಲ್ಲಿ ಎಷ್ಟು ಕಾಲ ಬೇಕಿತ್ತು? ಅವನಿಗೆ ಅನ್ನ, ಸಂಬಳ ಕೊಟ್ಟವರು ಯಾರು? ಮಳೆ ಬಂದರೆ ಏನಾಗುತ್ತಿತ್ತು? ಉತ್ತರ ಹುಡುಕಲು ಮಗು ಪುಸ್ತಕ ತೆರೆದರೆ ಆಟ ತನ್ನ ಕೆಲಸ ಮಾಡಿದಂತೆ.