ನೋಟಿಸ್ ಹಾಕಿದ್ದು ನಮ್ಮದೇ ಪೇಪರು, ಓದಿದವರು ಯಾರು?

ಹೋದ ತಿಂಗಳು ಪಕ್ಕದ ಹಳ್ಳಿಯ ಟೇಲರ್ ಒಬ್ಬರ ಮನೆಗೆ ಕೋರ್ಟಿನ ಅಮೀನರು ಬಂದರು. ಬಾಡಿಗೆ ಬಾಕಿಯ ಡಿಕ್ರಿ ಆಗಿದೆ, ಹಣ ಕಟ್ಟಿ, ಇಲ್ಲದಿದ್ದರೆ ಸಾಮಾನು ಜಪ್ತಿ ಎಂದರು. "ಯಾವ ಕೇಸು ಸರ? ನನಗ ಯಾರೂ ಹೇಳೇ ಇಲ್ಲಲ್ಲ" ಅಂತ ಆ ಮನುಷ್ಯ ನನಗೆ ಫೋನ್ ಮಾಡಿದರು.

ಇವರದು ತಾಲ್ಲೂಕು ಬಸ್‌ಸ್ಟ್ಯಾಂಡ್ ಹತ್ತಿರ ಬಾಡಿಗೆ ಮಳಿಗೆ ಇತ್ತು. 2020ರ ಲಾಕ್‌ಡೌನ್‌ನಲ್ಲಿ ಬಾಗಿಲು ಮುಚ್ಚಿತು. ಐದು ತಿಂಗಳು ಎಳೆದಾಡಿ ಕೀಲಿ ಕೊಟ್ಟು ಊರಿಗೆ ಬಂದರು. ಬಾಕಿಯನ್ನು ಅಡ್ವಾನ್ಸಿನಲ್ಲೇ ಮುರಿದುಕೊಳ್ಳಿ ಎಂದಿದ್ದರು, ಮಾಲೀಕರು ಹೂಂ ಎಂದಿದ್ದರು. ಎಲ್ಲ ಬಾಯಿಮಾತು. ಬಾಡಿಗೆ ಕೊಟ್ಟದ್ದಕ್ಕೂ ರಸೀದಿ ಇಲ್ಲ, ಅಡ್ವಾನ್ಸಿಗೂ ಇಲ್ಲ.

ಇಬ್ಬರೂ ಕೋರ್ಟಿಗೆ ಹೋಗಿ ಫೈಲಿನ ನಕಲು ತೆಗೆಸಿದೆವು. ಸಮನ್ಸ್ ಕಳಿಸಿದ್ದು ಖಾಲಿ ಮಾಡಿದ ಅದೇ ಮಳಿಗೆಗೆ. 'ಬಾಗಿಲು ಹಾಕಿದೆ' ಎಂಬ ಶರಾ. ಆಮೇಲೆ ಆ ಬಾಗಿಲಿಗೇ ಅಂಟಿಸಿದ್ದಾರೆ. ಕೊನೆಗೆ ಪೇಪರ್ ಪ್ರಕಟಣೆ. ಫೈಲಿಗೆ ಪಿನ್ ಮಾಡಿದ್ದ ಆ ತುಣುಕು ನಾನು ಸುದ್ದಿ ಕಳಿಸುವ ಪತ್ರಿಕೆಯದೇ. ಇರುವೆ ಸಾಲಿನಂಥ ಅಕ್ಷರ. ನನ್ನ ಸುದ್ದಿ ಬಂದಿದೆಯೇ ಎಂದು ದಿನಾ ಪುಟ ತಿರುವುವ ನಾನೇ ಅದನ್ನು ಓದಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಆ ವ್ಯಕ್ತಿ ಕೊನೆಯದಾಗಿ ಇದ್ದ ಅಥವಾ ವ್ಯಾಪಾರ ಮಾಡಿದ ಪ್ರದೇಶದಲ್ಲಿ ಓಡಾಡುವ ದಿನಪತ್ರಿಕೆ ಆಗಿರಬೇಕು. ನಮ್ಮ ಪೇಪರು ಆ ಊರಲ್ಲಿ ಸರ್ಕಾರಿ ಕಚೇರಿಗಳ ಮೇಜು ಬಿಟ್ಟರೆ ಎಲ್ಲಿ ಓಡಾಡುತ್ತದೆ ಎಂದು ನಮ್ಮ ಸಂಪಾದಕರನ್ನೇ ಕೇಳಿ. ಸಣ್ಣ ಪತ್ರಿಕೆಗಳಿಗೆ ಈ ಪ್ರಕಟಣೆಗಳೇ ಅನ್ನ. ನನ್ನ ಲೈನೇಜ್ ದುಡ್ಡೂ ಅದರಲ್ಲೇ ಬರುತ್ತದೆ. ಹಾಗಾಗಿ ಈ ಮಾತು ನನಗೂ ತಾಗುತ್ತದೆ.

ಬಾಡಿಗೆ ಕೇಳಲು ಮಾಲೀಕರ ಬಳಿ ಟೇಲರ್ ನಂಬರ್ ಇತ್ತು. ಮಗಳ ಮದುವೆ ಆಮಂತ್ರಣವೂ ಅದೇ ನಂಬರಿನ ವಾಟ್ಸ್‌ಆ್ಯಪ್‌ಗೆ ಬಂದಿದೆ, ನಾನೇ ನೋಡಿದೆ. ಕೋರ್ಟಿಗೆ ಮಾತ್ರ ಹಳೆ ಮಳಿಗೆಯ ವಿಳಾಸ. ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಜುಲೈನಲ್ಲಿ, ಇಮೇಲ್ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲೂ ಸಮನ್ಸ್ ಕಳಿಸಬಹುದು ಎಂದು ಸುಪ್ರೀಂ ಕೋರ್ಟೇ ಹೇಳಿತ್ತು. ಫೋನ್ ನಂಬರ್ ಗೊತ್ತಿದ್ದೂ ಕೊಡದ ವಾದಿಗೆ ಪೇಪರ್ ಪ್ರಕಟಣೆಯ ಅನುಮತಿ ಯಾಕೆ ಕೊಡಬೇಕು? ಊರಿನ ಪಂಚಾಯ್ತಿ ಬೋರ್ಡಿಗೆ ಒಂದು ಪ್ರತಿ ಅಂಟಿಸಿದ್ದರೆ ಸಂಜೆಯೊಳಗೆ ಇಡೀ ಊರಿಗೆ ಗೊತ್ತಾಗುತ್ತಿತ್ತು.

ನೋಟಿಸ್ ಕಂಡರೆ ಹಿತ್ತಲ ಬಾಗಿಲಿಂದ ಓಡುವ ಬಾಡಿಗೆದಾರರೂ ಇದ್ದಾರೆ, ಒಪ್ಪುತ್ತೇನೆ. ಪೇಪರ್ ಪ್ರಕಟಣೆ ಇರುವುದು ಅವರಿಗಾಗಿ. ಊರಲ್ಲೇ ಇದ್ದು, ಕರೆದರೆ ಫೋನ್ ಎತ್ತುವವರನ್ನು ಅದೇ ಸಾಲಿಗೆ ಸೇರಿಸುವುದು ಯಾವ ನ್ಯಾಯ?

ನಿಮಗೂ ಹೀಗಾದರೆ ಅಮೀನರ ಮೇಲೆ ರೇಗಬೇಡಿ, ಅವರು ತಂದಿದ್ದು ಆದೇಶ ಅಷ್ಟೇ. ಆದರೆ ಅವತ್ತಿನ ತಾರೀಖು ಬರೆದಿಡಿ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಲು 30 ದಿನ ಮಾತ್ರ ಇರುತ್ತದೆ. ಸಮನ್ಸ್ ಸರಿಯಾಗಿ ಮುಟ್ಟದಿದ್ದರೆ ಆ 30 ದಿನ ಶುರುವಾಗುವುದು ಡಿಕ್ರಿ ವಿಷಯ ನಿಮಗೆ ತಿಳಿದ ದಿನದಿಂದ. ಈ ಲೆಕ್ಕಕ್ಕೆ ಪೇಪರ್ ಪ್ರಕಟಣೆಯನ್ನು ಸರಿಯಾದ ಜಾರಿ ಎಂದು ಹಿಡಿಯಬಾರದು ಅಂತ ಕಾಲಮಿತಿ ಕಾಯ್ದೆಯಲ್ಲೇ ಇದೆ. ಡಿಕ್ರಿ ಹಣದಲ್ಲಿ ಒಂದು ಭಾಗ ಕಟ್ಟಿ ಎಂದು ಕೋರ್ಟು ಷರತ್ತು ಹಾಕಬಹುದು. ಕೇಸು ಬೇರೆ ಕಾರಣಕ್ಕೆ ಮೊದಲೇ ಗೊತ್ತಿತ್ತು ಎಂದು ಸಾಬೀತಾದರೆ ಮಾತ್ರ ಕಷ್ಟ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ತೋರಿಸದೆಯೂ ಉಚಿತ ನೆರವು ಕೇಳಬಹುದು. ಜಪ್ತಿಗೆ ಬಂದವರು ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಹತ್ಯಾರ ಮುಟ್ಟುವಂತಿಲ್ಲ. ಹೊಲಿಗೆ ಯಂತ್ರ ಈ ಹತ್ಯಾರದಲ್ಲಿ ಬರುತ್ತದೆ ಎಂದೇ ನಮ್ಮ ವಕೀಲರ ವಾದ.

ಟೇಲರ್ ಅರ್ಜಿ ಹನ್ನೊಂದನೇ ದಿನಕ್ಕೆ ದಾಖಲಾಯಿತು. ವಿಚಾರಣೆ ಮುಂದಿನ ತಿಂಗಳು. ಅಲ್ಲಿಯವರೆಗೆ ಜಪ್ತಿಗೆ ತಡೆ ಸಿಕ್ಕಿದೆ. ಆ ವಾರ ನಮ್ಮ ಪೇಪರಿನಲ್ಲಿ ಇಂಥವೇ ಇನ್ನೂ ಮೂರು ಪ್ರಕಟಣೆ ಬಂದವು. ಈ ಸಲ ಕೂತು ಓದಿದೆ. ಅದರಲ್ಲಿ ಒಂದು ಹೆಸರು ನಮ್ಮೂರಿನದೇ, ಸಂಜೆ ಅವರ ಮನೆಗೆ ಹೋಗಿ ತೋರಿಸಿ ಬಂದೆ.