ಕೊಳವೆ ಬಿಗಿದ ಕೈಗಳು

ಚಿತ್ರದುರ್ಗದ ಕೋಟೆಯನ್ನು ಕುರಿತು ಬರೆಯಲು ನಮ್ಮಲ್ಲಿ ಲೇಖನಿಗಳಿಗೆ ಬರವಿಲ್ಲ. ಆದರೆ ಬಾಯ್ಲರಿಗೆ ಕೊಳವೆ ಬಿಗಿದವರನ್ನು ಕುರಿತು ಒಂದು ಸಾಲನ್ನೂ ನಾನು ಓದಿಲ್ಲ. ಸಿರಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ, ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದ ಅಜ್ಜನ ಹತಾರವೊಂದಿದೆ: ಮೂರು ಉಕ್ಕಿನ ಉರುಳೆಗಳು, ನಡುವೆ ಮೊನಚಾದ ಕಡ್ಡಿ. ಬಾಲ್ಯದಲ್ಲಿ ಅದನ್ನು ಆಟಿಕೆಯೆಂದೇ ತಿಳಿದಿದ್ದೆ.

1829ರ ಸ್ಟೀವನ್ಸನ್ನರ ‘ರಾಕೆಟ್’ ಬಂಡಿಯ ಬಾಯ್ಲರಿನಲ್ಲಿ 25 ತಾಮ್ರದ ಕೊಳವೆಗಳಿದ್ದವು. ಕೊಳವೆ ಹೆಚ್ಚಿದಷ್ಟೂ ಕಾವು ನೀರಿಗೆ ಬೇಗ ಮುಟ್ಟುತ್ತದೆ. ಸೋರುವ ಸಂದುಗಳೂ ಹೆಚ್ಚುತ್ತವೆ. ಮೊದಲು ಕೊಳವೆಯ ಬಾಯನ್ನು ಬೆಣೆಯಿಂದ ಬಡಿದು ಹಿಗ್ಗಿಸುತ್ತಿದ್ದರು. 19ನೆಯ ಶತಮಾನದಲ್ಲಿ ನ್ಯೂಯಾರ್ಕಿನ ರಿಚರ್ಡ್ ಡಡ್ಜನ್ ರೂಪಿಸಿದ ಉರುಳೆಯ ಹತಾರವು ಬಡಿತದ ಬದಲು ತಿರುವನ್ನು ತಂದಿತು. ಕಡ್ಡಿ ಒಳಸರಿದಂತೆ ಉರುಳೆಗಳು ಕೊಳವೆಯನ್ನು ಸುತ್ತಲೂ ಸಮನಾಗಿ ಒತ್ತುತ್ತವೆ. ಕಡಿಮೆಯಾದರೆ ಸೋರಿಕೆ, ಹೆಚ್ಚಾದರೆ ಕೊಳವೆ ತೆಳುವಾಗಿ ಹಾಳು. ಎಷ್ಟು ಸಾಕೆಂಬುದನ್ನು ಅರಿಯಬೇಕಾದುದು ಕೈ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಹರಿದುದನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತೇವೆ. ಅದಕ್ಕೆ ಮುಂಚೆ ಗಣಿಯನ್ನು ನಡೆಸಿದ ಉಗಿಯನ್ನು ಮರೆಯುತ್ತೇವೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನುಗಳು ಉಳಿದಿವೆ. ಆ ಕೈಗಳ ಅರಿವನ್ನು ಎಲ್ಲಿ ಹುಡುಕೋಣ?

ಕಲಾ ವಿದ್ಯಾರ್ಥಿಗೆ ಇದೇಕೆಂದು ಮಿತ್ರರು ನಗುತ್ತಾರೆ. ಇತಿಹಾಸ ಓದುವವರೇ ಬರೆದಿಡದಿದ್ದರೆ ಇನ್ನಾರು ಬರೆದಾರು? ಅಜ್ಜ ಬದುಕಿದ್ದಾಗ ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ, ಈ ರಜೆಯಲ್ಲಿಯೇ ಕೇಳಿ ಬರೆದಿಡಿರಿ.