ನಿಲ್ಲಬೇಕಾದಲ್ಲಿ ನಿಲ್ಲುವ ಗುಂಡು

ಕಲ್ಕತ್ತೆಯ ಬಳಿಯ ದಮ್‌ದಮ್ ಎಂಬ ಹೆಸರು ಇಂದು ವಿಮಾನದಲ್ಲಿ ಸಂಚರಿಸುವವರಿಗೆ ಪರಿಚಿತ. ಆದರೆ ವಿಮಾನಗಳು ಹುಟ್ಟುವ ಮೊದಲೇ ಅದು ಲೋಕದ ನಿಘಂಟುಗಳನ್ನು ಸೇರಿತ್ತು. ಅದೂ ಒಂದು ಗುಂಡಿನ ದೆಸೆಯಿಂದ. 1890ರ ದಶಕದಲ್ಲಿ ವಾಯವ್ಯ ಗಡಿಯ ಕಾಳಗಗಳಲ್ಲಿ ಕಾದಿದ ಬ್ರಿಟಿಷರು, ತಮ್ಮ ಹೊಸ ಬಂದೂಕಿನ ಗುಂಡು ಎದುರಾಳಿಯ ಮೈಯನ್ನು ಸೂಜಿಯಂತೆ ಹಾಯ್ದುಹೋಗುವುದೇ ಹೊರತು ಅವನನ್ನು ತಡೆಯುವುದಿಲ್ಲವೆಂದು ದೂರಿದರು. ದಮ್‌ದಮ್ಮಿನ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದ ಕ್ಯಾಪ್ಟನ್ ಬರ್ಟೀ-ಕ್ಲೇ ಎಂಬಾತನು ಗುಂಡಿನ ಮೂತಿಯ ಲೋಹಕವಚವನ್ನು ತೆಗೆದು, ಒಳಗಿನ ಮೆತ್ತನೆಯ ಸೀಸವನ್ನು ಬಯಲು ಮಾಡಿದನು. ಮೈಹೊಕ್ಕ ಗುಂಡು ಅಣಬೆಯಂತೆ ಅರಳತೊಡಗಿತು. ಅದರ ಗಾಯ ಎಷ್ಟು ಘೋರವಾಗಿತ್ತೆಂದರೆ, 1899ರ ಹೇಗ್ ಸಮ್ಮೇಳನದ ಘೋಷಣೆಯೊಂದು ಸಹಿ ಹಾಕಿದ ರಾಷ್ಟ್ರಗಳ ನಡುವಣ ಯುದ್ಧಗಳಲ್ಲಿ ಅಂಥ ಗುಂಡನ್ನು ನಿಷೇಧಿಸಿತು.

ಸೋಜಿಗದ ಸಂಗತಿಯೆಂದರೆ, ಸೈನಿಕನಿಗೆ ನಿಷಿದ್ಧವಾದ ಆ ಗುಣವನ್ನೇ ಅಮೆರಿಕದ ಪೋಲೀಸರೂ, ಆತ್ಮರಕ್ಷಣೆಗೆಂದು ಪಿಸ್ತೂಲು ಇರಿಸಿಕೊಂಡ ಗೃಹಸ್ಥರೂ ಇಂದು ಬಯಸಿ ಆರಿಸುತ್ತಾರೆ. ಅವರು ಕೊಳ್ಳುವ ಗುಂಡಿನ ಮೂತಿಯಲ್ಲಿ ಒಂದು ಪೊಳ್ಳು ಕುಳಿಯಿರುತ್ತದೆ. ಮೈಯೊಳಗಿನ ದ್ರವ ಆ ಕುಳಿಯನ್ನು ಹೊಕ್ಕು ಅಂಚನ್ನು ಹೊರಕ್ಕೆ ಮಡಿಸುತ್ತದೆ. ಅಗಲವಾದ ಗುಂಡು ಬೇಗನೆ ವೇಗ ಕಳೆದುಕೊಂಡು ಒಳಗೇ ನಿಲ್ಲುತ್ತದೆ. ಇದು ಕ್ರೌರ್ಯದ ಆಯ್ಕೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಕಿಕ್ಕಿರಿದ ಬೀದಿಯಲ್ಲಿ ಕಳ್ಳನ ಎದೆಯನ್ನು ಹಾಯ್ದ ಗುಂಡಿಗೆ ಅವನ ಹಿಂದೆ ನಿಂತವರು ಯಾರೆಂಬ ಅರಿವಿಲ್ಲ. ನ್ಯೂಯಾರ್ಕಿನ ಪೋಲೀಸರು 1998ರಲ್ಲಿ ಪೊಳ್ಳುಮೂತಿಯ ಗುಂಡಿಗೆ ಬದಲಾಯಿಸಿದ್ದಕ್ಕೆ ಈ ದಾರಿಹೋಕರ ಚಿಂತೆಯೇ ಮುಖ್ಯ ಕಾರಣ. ಹಾಗೆಂದು ಈ ಗುಂಡನ್ನು ಸಾಧುವೆಂದು ಬಗೆಯಲಾಗದು. ಗುರಿ ತಪ್ಪಿದರೆ ಅದೂ ಅಲ್ಲಿಯ ಮನೆಗಳ ತೆಳುಗೋಡೆಯನ್ನು ತೂರಿ, ಆಚೆಯ ಕೋಣೆಯಲ್ಲಿ ಮಲಗಿದ ಮಗುವಿನವರೆಗೂ ಹೋದೀತು.

ಗುಂಡು ತಗುಲಿದವನು ಮಾರುದ್ದ ಹಾರಿ ಬೀಳುವುದು ಚಲಚ್ಚಿತ್ರಗಳಲ್ಲಿ ಮಾತ್ರ. ಗುಂಡಿಗೆ ಅಂಥ ನೂಕುಬಲವಿದ್ದರೆ ಹಾರಿಸಿದವನೂ ಹಿಂದಕ್ಕೆ ಹಾರಬೇಕಾಗಿತ್ತಲ್ಲವೇ! ಹೃದಯವೇ ಒಡೆದುಹೋದರೂ ಮೆದುಳಿನಲ್ಲಿ ಉಳಿದ ಪ್ರಾಣವಾಯುವಿನ ಬಲದಿಂದ ಮನುಷ್ಯ 10-15 ಸೆಕೆಂಡುಗಳ ಕಾಲ ಕೈಯಾಡಿಸಬಲ್ಲನು.

ಅಮೆರಿಕದ ಕೇಂದ್ರ ಪತ್ತೇದಾರಿ ಸಂಸ್ಥೆ ಎಫ್‌ಬಿಐಗೆ ಇದು ಮನದಟ್ಟಾದದ್ದು 1986ರ ಏಪ್ರಿಲ್ 11ರಂದು, ಮಯಾಮಿಯ ಬಳಿ. ಎಂಟು ಮಂದಿ ಪತ್ತೇದಾರರು ಇಬ್ಬರು ದರೋಡೆಕೋರರನ್ನು ಅಡ್ಡಗಟ್ಟಿದರು. ಅವರಲ್ಲೊಬ್ಬನಾದ ಪ್ಲಾಟ್ ಎಂಬವನು ಕಾರಿನಿಂದ ಹೊರಬೀಳುತ್ತಿದ್ದಾಗ ಪೊಳ್ಳುಮೂತಿಯ ಗುಂಡೊಂದು ಅವನ ಬಲದೋಳನ್ನು ಹಾಯ್ದು, ಎದೆಯನ್ನು ಹೊಕ್ಕು, ಅರಳಿ, ಹೃದಯಕ್ಕೆ ಸುಮಾರು ಒಂದು ಅಂಗುಲ ಈಚೆಗೇ ನಿಂತುಬಿಟ್ಟಿತು. ಗಾಯವೇನೋ ಪ್ರಾಣಾಂತಿಕವೇ, ಆದರೆ ಪ್ರಾಣ ಹೋಗುವವರೆಗೆ ಅವನು ಸುಮ್ಮನಿರಬೇಕಲ್ಲ! ಅದರ ಬಳಿಕವೂ ಅವನು ಬಂದೂಕು ಬಿಡಲಿಲ್ಲ. ದರೋಡೆಕೋರರಿಬ್ಬರೂ ಸತ್ತು ಕಾಳಗ ಮುಗಿದಾಗ ಇಬ್ಬರು ಪತ್ತೇದಾರರು ಹತರಾಗಿದ್ದರು, ಐವರು ಗಾಯಗೊಂಡಿದ್ದರು. ಅಧಿಕಾರಿಗಳ ತಪ್ಪುಗಳೂ ಅಲ್ಲಿ ಇರಲಿಲ್ಲವೆಂದಲ್ಲ. ಬಂದೂಕಿನವರೆದುರು ಬಹುತೇಕ ಪಿಸ್ತೂಲು, ರಿವಾಲ್ವರುಗಳನ್ನೇ ನಂಬಿ ಹೋದದ್ದು ಅವುಗಳಲ್ಲೊಂದು. ಆದರೂ ಹೆಚ್ಚಿನ ದೋಷವನ್ನು ಆ ಒಂದು ಗುಂಡೇ ಹೊರಬೇಕಾಯಿತು.

ಆ ಬಳಿಕ ಆರಂಭವಾದ ಪರೀಕ್ಷೆಯು ಈಗಲೂ ಗುಂಡು ತಯಾರಕರಿಗೆ ಒರೆಗಲ್ಲು. ನೂರಕ್ಕೆ ಹತ್ತು ಪಾಲು ಜೆಲಟಿನ್ ಬೆರೆಸಿದ ಅಚ್ಚನ್ನು ತಂಪಾಗಿರಿಸಿ, ಅದಕ್ಕೆ ದಪ್ಪ ಬಟ್ಟೆ ಹೊದಿಸಿ, ಮುಂದೆ ಹಲಗೆ, ತಗಡು, ಕಾರಿನ ಗಾಜುಗಳನ್ನು ಒಂದೊಂದಾಗಿ ಇರಿಸಿ ಗುಂಡು ಹಾರಿಸುತ್ತಾರೆ. ಬಟ್ಟೆಯ ಪರೀಕ್ಷೆಯಲ್ಲಿ ಅನೇಕ ಗುಂಡುಗಳು ಸೋಲುವುದುಂಟು: ನೂಲು ಕುಳಿಯಲ್ಲಿ ಗಿಡಿದುಕೊಂಡರೆ ಗುಂಡು ಅರಳದೆ, ಹಳೆಯ ಗುಂಡಿನಂತೆಯೇ ನೇರ ಹಾಯ್ದುಹೋಗುತ್ತದೆ. 12 ಅಂಗುಲಕ್ಕಿಂತ ಕಡಿಮೆ ಹೊಕ್ಕ ಗುಂಡು ಅನುತ್ತೀರ್ಣ. 18ನ್ನು ಮೀರಿದ್ದೂ ಬೇಡ. ಮನುಷ್ಯನ ಎದೆ ಅಷ್ಟು ದಪ್ಪವಿಲ್ಲದಿರುವಾಗ 12 ಅಂಗುಲವೇಕೆ ಎಂದು ಕೇಳಬಹುದು. ಪಿಸ್ತೂಲು ಹಿಡಿದು ಎದುರಿಗೆ ನಿಂತವನ ತೋಳು ಸಾಮಾನ್ಯವಾಗಿ ಅವನ ಎದೆಯ ಮುಂದೆಯೇ ಇರುತ್ತದೆ. ಗುಂಡು ಮೊದಲು ಅದನ್ನು ದಾಟಬೇಕು.